ಬ್ಯಾಂಕಿನ ಹೆಸರಿನಲ್ಲಿ ಬರುವ ಕಳ್ಳ ಓಲೆ

ಕಬ್ಬಿನ ಬಿಲ್ಲು ಜಮಾ ಆಗುವ ದಿನಗಳಲ್ಲಿ ಫೋನಿಗೊಂದು ಈ-ಮೇಲ್ ಬರುತ್ತದೆ. "ನಿಮ್ಮ ಖಾತೆ ಇಂದು ರಾತ್ರಿ ಬಂದಾಗುವುದು, ಕೂಡಲೇ ಕೆವೈಸಿ ತುಂಬಿರಿ." ಮೇಲೆ ಬ್ಯಾಂಕಿನ ಮುದ್ರೆ, ಕೆಳಗೆ ನೀಲಿ ಅಕ್ಷರದ ಲಿಂಕು. ಒತ್ತಿದರೆ ಥೇಟ್ ಬ್ಯಾಂಕಿನದೇ ಪುಟ! ಅಲ್ಲಿ ತುಂಬಿದ ಪಾಸ್‌ವರ್ಡು, ಓಟಿಪಿ ಎಲ್ಲವೂ ನೆಟ್ಟಗೆ ಕಳ್ಳನ ಕೈಗೆ. ವಿಚಾರ ಮಾಡಲು ಬಿಡದೆ ಗಡಿಬಿಡಿ ಮಾಡಿಸುವುದೇ ಇವರ ಕಸುಬು ನೋಡ್ರಿ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಇನ್ನೊಂದು ತೊಡಕು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಬಳ್ಳಾರಿಯ ಗ್ರಾಮೀಣ ಬ್ಯಾಂಕೂ ಕೂಡಿ ಒಂದಾದವು. ಹೀಗೆ ಹೆಸರು ಬದಲಾದಾಗ "ಹೊಸ ಬ್ಯಾಂಕಿಗೆ ವಿವರ ಕೊಡಿ" ಎಂದರೆ ಯಾರಿಗಾದರೂ ನಿಜವೆನಿಸೀತು. ಪಾಸ್‌ಬುಕ್ಕು ಹಿಡಿದು ಶಾಖೆಗೇ ಹೋಗಿ ಕೇಳಿರಿ. ಶಕ್ತಿ ಯೋಜನೆ ಇರುವಾಗ ನಮಗೆ ಬಸ್ಸಿನ ಖರ್ಚಾದರೂ ಎಲ್ಲಿದೆ?

ಡಬ್ಬಿಯ ಮೇಲೆ ಗೋಕಾಕ ಎಂದಿದ್ದ ಮಾತ್ರಕ್ಕೆ ಅದು ಗೋಕಾಕದ ಕರದಂಟು ಆದೀತೇ? ಈ-ಮೇಲಿನಲ್ಲಿಯೂ ಅಷ್ಟೇ. ಕಳಿಸಿದವರ ಹೆಸರಿನ ಮೇಲೆ ಒತ್ತಿದರೆ ಹಿಂದಿನ ನಿಜ ವಿಳಾಸ ಕಾಣುತ್ತದೆ. ಅದು ಜೀಮೇಲಿನದೋ ತಿಳಿಯದ ಹೆಸರಿನದೋ ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ವೆಬ್‌ಸೈಟಿಗೂ ಈಗ ಗುರುತುಂಟು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮ್ಮ ವಿಳಾಸವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಹೇಳಿತ್ತು. ವಿಳಾಸದ ಹೆಸರು ಅದರಿಂದಲೇ ಮುಗಿಯಬೇಕು. ಆ ಮಾತು ನಡುವೆ ಬಂದು, ಮುಂದೆ ಮತ್ತೊಂದು ಡಾಟ್, ಮತ್ತೊಂದು ಹೆಸರು ಇದ್ದರೆ ಅದು ಖೊಟ್ಟಿ. ವಾಟ್ಸಾಪಿನಲ್ಲಿ ಬ್ಯಾಂಕಿನ ಹೆಸರಿನ 'ಎಪಿಕೆ' ಫೈಲು ಬಂದರಂತೂ ಮುಟ್ಟಲೇಬೇಡಿ. ಅದು ಫೋನಿನೊಳಗೆ ಕೂತು ನಿಮ್ಮ ಓಟಿಪಿ ಓದಬಲ್ಲದು.

ಇಷ್ಟಾಗಿಯೂ ಹಣ ಹೋಯಿತೆನ್ನಿ. ಗೃಹಲಕ್ಷ್ಮಿಯ ಎರಡು ಸಾವಿರವೇ ಇರಲಿ, ಯಜಮಾನರು ಬೈದಾರು, ಅತ್ತೆಯವರು ಆಡಿಕೊಂಡಾರು ಎಂದು ಎಷ್ಟೋ ಹೆಂಗಸರು ಬಾಯಿ ಬಿಡುವುದಿಲ್ಲ. ಕಳ್ಳನಿಗೆ ಬೇಕಾದ್ದೂ ಅದೇ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ಓಟಿಪಿ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ಬೈಗುಳ ಆಮೇಲೆ ತಿಂದರಾಯಿತು, ಮೊದಲು 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಈ-ಮೇಲನ್ನು ಸಿಟ್ಟಿನಿಂದ ಅಳಿಸಬೇಡಿ, ಪೊಲೀಸರಿಗೆ ತೋರಿಸಲು ಬೇಕಾಗುತ್ತದೆ.