ಬಿಸಿಲ ನಾಡಿನ ಕಿಟಕಿ



ಮನೆ ಅಂದ ಮೇಲೆ ಬಾಗಿಲು ಬೇಕು. ಬಾಗಿಲು ಒಂದೇ ಸಾಕೇ? ಸಾಲದು. ಕಿಟಕಿಯೂ ಬೇಕು. ಕಿಟಕಿ ಇದ್ದರೆ ಬೆಳಕು ಬರುತ್ತೆ. ಗಾಳಿ ಬರುತ್ತೆ. ಒಲೆಯ ಹೊಗೆ ಹೊರಗೆ ಹೋಗುತ್ತೆ.

ಆದರೆ ಬಿಸಿಲು ಹೆಚ್ಚಾದ ಊರಲ್ಲಿ ಇದೇ ಕಿಟಕಿ ತಲೆನೋವು. “ಕಿಟಕಿ ತೆಗೆದ್ರ ಬೆಂಕಿ ಬಂದಂಗ ಆಗ್ತದ. ಮುಚ್ಚಿದ್ರ ಉಸಿರು ಕಟ್ತದ. ಏನ್ ಮಾಡಬೇಕ್ರಿ?” ಅಂತ ಕಲಬುರಗಿ, ರಾಯಚೂರು ಕಡೆಯ ಅಕ್ಕಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗಂಡಸರು ಸಂಜೆ ಕಟ್ಟೆಯ ಮೇಲೆ ಹೋಗಿ ಕೂರುತ್ತಾರೆ. ಮನೆಯೊಳಗೆ ಬೇಯುವವರು ನಾವು. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಅತ್ತೆ, ಬಾಣಂತಿ ಮಗಳು, ಇವರೂ ಒಳಗೇ ಇರುತ್ತಾರೆ. ಮನೆಯ ಸೆಖೆ ಇವರ ಜೀವಕ್ಕೇ ಕುತ್ತು ತರಬಹುದು.

ಅದಕ್ಕೆ ಕಿಟಕಿಯ ವಿಷಯ ನಾವು ತಿಳಿಯೋಣ. ಹಳೆಯ ಕಿಟಕಿ ಬದಲಿಸುವಾಗ ಏನು ನೋಡಬೇಕು? ಕೆಲಸ ಹೇಗೆ ನಡೆಯಬೇಕು? ಒಂದೊಂದಾಗಿ ನೋಡೋಣ.

ಮರುಭೂಮಿಯ ಜನ ಏನು ಮಾಡಿದರು?

ನಮ್ಮ ದೇಶದ ರಾಜಸ್ಥಾನದಲ್ಲಿ ಥಾರ್ ಎಂಬ ಮರುಭೂಮಿ ಇದೆ. ಎತ್ತ ನೋಡಿದರೂ ಮರಳು. ಮಳೆ ತೀರಾ ಕಡಿಮೆ. ಅಲ್ಲಿನ ಫಲೋಡಿ ಎಂಬ ಊರಲ್ಲಿ 2016ರ ಮೇ 19ರಂದು 51 ಡಿಗ್ರಿ ಬಿಸಿಲು ದಾಖಲಾಯಿತು. ಅಂಥ ಕಡೆಯೂ ಜನ ನೂರಾರು ವರ್ಷದಿಂದ ಬಾಳಿದ್ದಾರೆ. ಹೇಗೆ?

ಜೈಸಲ್ಮೇರ್ ಊರಿನ ಹಳೆಯ ಮನೆಗಳನ್ನು ಹಳದಿ ಕಲ್ಲಿನಿಂದ ಕಟ್ಟಿದ್ದಾರೆ. ಗೋಡೆಗಳು ದಪ್ಪ. ಓಣಿಗಳು ಇಕ್ಕಟ್ಟು. ಎದುರು ಮನೆಯ ನೆರಳು ನಮ್ಮ ಮನೆಗೆ, ನಮ್ಮ ಮನೆಯ ನೆರಳು ಎದುರು ಮನೆಗೆ. ಕಿಟಕಿಗೆ ಕಲ್ಲಿನಲ್ಲೇ ಕೊರೆದ ಜಾಲಂಧ್ರ. ಅದರಲ್ಲಿ ಸಣ್ಣ ಸಣ್ಣ ತೂತು. ತೂತಿನಿಂದ ಗಾಳಿ ಒಳಗೆ ಬರುತ್ತೆ. ಬಿಸಿಲು ಮಾತ್ರ ಹೊರಗೇ ಉಳಿಯುತ್ತೆ.

ಜೈಪುರದಲ್ಲಿ ಹವಾ ಮಹಲ್ ಎಂಬ ಅರಮನೆ ಇದೆ. ಹವಾ ಎಂದರೆ ಗಾಳಿ. 1799ರಲ್ಲಿ ಸವಾಯಿ ಪ್ರತಾಪ ಸಿಂಗ್ ಎಂಬ ರಾಜ ಅದನ್ನು ಕಟ್ಟಿಸಿದ. ಅದಕ್ಕೆ 953 ಸಣ್ಣ ಕಿಟಕಿಗಳಿವೆ. ಅರಮನೆಯ ಹೆಂಗಸರು ಬೀದಿಗೆ ಬರುವಂತಿರಲಿಲ್ಲ. ಆ ಕಿಟಕಿಗಳ ಹಿಂದೆ ನಿಂತು ಬೀದಿಯ ಮೆರವಣಿಗೆ ನೋಡುತ್ತಿದ್ದರು. ಅವರಿಗೆ ಗಾಳಿ ಸಿಕ್ಕಿತು, ಬೀದಿ ಸಿಗಲಿಲ್ಲ. ಈಗ ಕಾಲ ಬದಲಾಗಿದೆ. ನಮ್ಮ ಮನೆಗೆ ಕಿಟಕಿ ಎಲ್ಲಿರಬೇಕು, ಹೇಗಿರಬೇಕು ಎಂದು ಹೇಳುವ ಹಕ್ಕು ನಮಗೂ ಇದೆ.

ಗಾಜಿನ ಗುಣ

ಈಗ ಎಲ್ಲ ಕಡೆ ಗಾಜಿನ ಕಿಟಕಿ ಬಂದಿದೆ. ನೋಡಲು ಚೆಂದ. ಬೆಳಕೂ ಚೆನ್ನಾಗಿ ಬರುತ್ತೆ. ಆದರೆ ಗಾಜಿಗೆ ಒಂದು ಗುಣ ಇದೆ. ಅದು ಬಿಸಿಲನ್ನು ಒಳಗೆ ಬಿಡುತ್ತೆ. ಬಿಸಿಲು ಬಿದ್ದ ನೆಲ, ಗೋಡೆ, ಹಾಸಿಗೆ ಎಲ್ಲ ಕಾಯುತ್ತೆ. ಆ ಕಾವನ್ನು ಗಾಜು ಸುಲಭವಾಗಿ ಹೊರಗೆ ಬಿಡೋದಿಲ್ಲ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಕೂತು ನೋಡಿ. ಒಲೆಯೊಳಗೆ ಕೂತಂತೆ ಆಗುತ್ತೆ. ಅದಕ್ಕೇ ಅಂಥ ಕಾರಿನಲ್ಲಿ ಮಕ್ಕಳನ್ನು ಎಂದೂ ಬಿಟ್ಟು ಹೋಗಬಾರದು.

ಅಮೆರಿಕ ದೇಶದಲ್ಲಿ ಫೀನಿಕ್ಸ್ ಎಂಬ ದೊಡ್ಡ ಊರು ಇದೆ. ಅದೂ ಮರುಭೂಮಿಯ ಊರು. 2023ರಲ್ಲಿ ಅಲ್ಲಿ ಒಂದರ ಹಿಂದೆ ಒಂದು 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು. ಅಂಥ ಊರುಗಳಲ್ಲಿ ಹಳೆಯ ಒಂಟಿ ಗಾಜಿನ ಕಿಟಕಿ ತೆಗೆಸಿ ಜೋಡಿ ಗಾಜಿನ ಕಿಟಕಿ ಹಾಕಿಸುತ್ತಾರೆ. ಎರಡು ಗಾಜು, ನಡುವೆ ಸ್ವಲ್ಪ ಜಾಗ. ಅಲ್ಲಿ ಗಾಳಿ ಅಲುಗದೆ ನಿಂತಿರುತ್ತೆ. ಚಳಿಗಾಲದಲ್ಲಿ ನಾವು ಎರಡು ಕೌದಿ ಹೊದೆಯುತ್ತೇವೆ. ಕೌದಿಗಳ ನಡುವೆ ನಿಂತ ಗಾಳಿ ನಮ್ಮ ಮೈಯ ಕಾವು ಹೊರಗೆ ಹೋಗದಂತೆ ತಡೆಯುತ್ತೆ. ಇಲ್ಲಿ ಹಾಗೇ, ಹೊರಗಿನ ಕಾವು ಒಳಗೆ ಬರದಂತೆ ತಡೆಯುತ್ತೆ. ಕೆಲವು ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಬೆಳ್ಳಿಯ ಲೇಪ ಬಳಿದಿರುತ್ತಾರೆ. ಬೆಳಕು ಒಳಗೆ ಬರುತ್ತೆ, ಕಾವು ಬಹಳ ಮಟ್ಟಿಗೆ ಹಿಂದಕ್ಕೆ ಹೋಗುತ್ತೆ.

ಇದು ದುಬಾರಿ ಬಾಬತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಜೋಡಿ ಗಾಜು ಇಲ್ಲದೆಯೂ ನಾವು ಮಾಡಬಹುದಾದ್ದು ಬಹಳ ಇದೆ.

ನೆರಳು ಹೊರಗಿರಲಿ

ಬಿಸಿಲನ್ನು ಕಿಟಕಿಯ ಹೊರಗೇ ತಡೆಯಬೇಕು. ಇದು ಮೊದಲ ಮಾತು. ಒಳಗೆ ಪರದೆ ಕಟ್ಟಿದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತೆ. ಪರದೆ ಕಾಯುತ್ತೆ, ಮನೆಯೂ ಕಾಯುತ್ತೆ. ಹೊರಗೆ ಚಾಪೆ ಅಥವಾ ಬಿದಿರಿನ ತಟ್ಟಿ ಕಟ್ಟಿದರೆ ಹೆಚ್ಚು ಗುಣ.

ದಿಕ್ಕು ನೋಡಿ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ. ಆಗ ಕಿಟಕಿಯ ಮೇಲಿನ ಸಜ್ಜಾ ನೆರಳು ಕೊಡುತ್ತೆ. ಆದರೆ ಬೆಳಿಗ್ಗೆ ಪೂರ್ವದಲ್ಲಿ, ಸಂಜೆ ಪಶ್ಚಿಮದಲ್ಲಿ ಸೂರ್ಯ ಕೆಳಗೆ ಇರುತ್ತಾನೆ. ಬಿಸಿಲು ಅಡ್ಡಡ್ಡ ಬರುತ್ತೆ. ಸಜ್ಜಾ ಅದನ್ನು ತಡೆಯದು. ಪಶ್ಚಿಮದ ಕಿಟಕಿಯೇ ಹೆಚ್ಚು ಕಾಡುವುದು. ಅಲ್ಲಿ ದೊಡ್ಡ ಗಾಜು ಬೇಡ. ಕಿಟಕಿ ಸಣ್ಣದಿರಲಿ. ಹೊರಗೆ ತಟ್ಟಿ ಇರಲಿ. ಜಾಗ ಇದ್ದರೆ ಒಂದು ಬೇವಿನ ಸಸಿ ನೆಡಿ. ನಾಳೆ ಅದೇ ಸಜ್ಜಾ ಆಗುತ್ತೆ.

ಯಾವಾಗ ತೆಗೆಯಬೇಕು?

ಒಣ ಬಿಸಿಲಿನ ನಾಡಿಗೆ ಒಂದು ಲೆಕ್ಕ ಇದೆ. ಹೊರಗೆ ಒಳಗಿಗಿಂತ ಬಿಸಿ ಇದ್ದಾಗ ಕಿಟಕಿ ಮುಚ್ಚಿ. ಹೊರಗೆ ತಂಪಾದ ಮೇಲೆ ತೆಗೆಯಿರಿ. ಹೊತ್ತು ಏರುವ ಮೊದಲೇ ಮುಚ್ಚಬೇಕು. ರಾತ್ರಿ ಎಲ್ಲ ಕಿಟಕಿ ತೆಗೆಯಬೇಕು. ಆಗ ಗೋಡೆಯ ಕಾವೆಲ್ಲ ಹೊರಗೆ ಹೋಗುತ್ತೆ.

ಒಂದೇ ಕಿಟಕಿ ಇದ್ದರೆ ಗಾಳಿ ಆಡೋದಿಲ್ಲ. ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಬೇಕು. ಬಿಸಿ ಗಾಳಿ ಹಗುರ, ಮೇಲೇರುತ್ತೆ. ಹಿಂದಿನವರು ಮಾಳಿಗೆಗೆ ಬೆಳಕಿಂಡಿ ಬಿಡುತ್ತಿದ್ದುದು ಸುಮ್ಮನೆ ಅಲ್ಲ. ಬೆಳಕು ಒಳಗೆ, ಬಿಸಿ ಗಾಳಿ ಹೊರಗೆ.

ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಬರುವ ಗಾಳಿ ತಂಪಾಗುತ್ತೆ. ನೀರು ಆರುವಾಗ ಕಾವನ್ನು ಹೀರುತ್ತೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ. ಆದರೆ ಇದು ಒಣ ಹವೆಗೆ ಮಾತ್ರ. ಮಂಗಳೂರಿನಂಥ ಕಡಲ ಊರಲ್ಲಿ ಅಷ್ಟು ಗುಣ ಕಾಣದು.

ಒಂದು ಎಚ್ಚರಿಕೆ. ಒಲೆ ಉರಿಯುವಾಗ ಅಡಿಗೆಮನೆಯ ಕಿಟಕಿ ಮುಚ್ಚಲೇಬೇಡಿ. ಮುಚ್ಚಿದ ಕೋಣೆಯ ಹೊಗೆ ವಿಷ. ಇದ್ದಿಲ ಒಲೆಯಂತೂ ಹೊಗೆ ಕಾಣದೆಯೇ ಜೀವ ತೆಗೆಯಬಹುದು.

ಹಳೆಯ ಕಿಟಕಿ ಬದಲಿಸಬೇಕೇ?

ಮೊದಲು ರೋಗ ಏನು ಅಂತ ನೋಡಿ. ಬಿಜಾಗ್ರಿ ಸಡಿಲವಾಗಿದ್ದರೆ ಅದನ್ನಷ್ಟೇ ಬದಲಿಸಿ. ಕದ ಸೊಟ್ಟಗಾಗಿದ್ದರೆ ಬಡಿಗರು ಹೆರೆದು ಸರಿಮಾಡುತ್ತಾರೆ. ಚೌಕಟ್ಟಿಗೆ ಗೆದ್ದಲು ಹಿಡಿದಿದ್ದರೆ, ಮರ ಕುಂಬಾಗಿದ್ದರೆ, ಗೋಡೆಗೂ ಚೌಕಟ್ಟಿಗೂ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿದ್ದರೆ, ಆಗ ಬದಲಿಸುವ ಕಾಲ ಬಂತು.

ಹೊಸ ಚೌಕಟ್ಟು ಯಾವುದು? ಮರದ್ದು ಬೇಗ ಕಾಯದು, ಆದರೆ ಬಿಸಿಲಿಗೆ ಸೀಳು ಬಿಡುತ್ತೆ, ಆಗಾಗ ಬಣ್ಣ ಬೇಕು. ಕಬ್ಬಿಣದ್ದು ಗಟ್ಟಿ, ಆದರೆ ಕಾಯುತ್ತೆ, ತುಕ್ಕು ಹಿಡಿಯುತ್ತೆ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು, ಆದರೆ ಅದೂ ಕಾಯುತ್ತೆ. ಪ್ಲಾಸ್ಟಿಕ್ ಜಾತಿಯ ಯುಪಿವಿಸಿ ಕಾವು ತಡೆಯುತ್ತೆ, ಗೆದ್ದಲು ಹಿಡಿಯದು. ಆದರೆ ಕಳಪೆ ಮಾಲು ಬಿಸಿಲಿಗೆ ಬಾಗುತ್ತೆ. ಯಾವುದೇ ಇರಲಿ, ತಿಳಿ ಬಣ್ಣ ಆರಿಸಿ. ಕಪ್ಪು ಬಣ್ಣ ಬಿಸಿಲು ಹೀರುತ್ತೆ.

ಅಳತೆ ನಾವೂ ಹಿಡಿಯೋಣ

ಟೇಪು ಹಿಡಿಯಲು ಈಗ ನಮಗೂ ಬರುತ್ತೆ. ಅಂಕಿ ಓದಲು ಬರುತ್ತೆ. ಅಗಲವನ್ನು ಮೂರು ಕಡೆ ಅಳೆಯಿರಿ. ಮೇಲೆ, ನಡುವೆ, ಕೆಳಗೆ. ಹಳೆಯ ಗೋಡೆ ಒಂದೇ ಸಮ ಇರೋದಿಲ್ಲ.

ಮೇಲೆ 91 ಸೆಂಟಿಮೀಟರ್.
ನಡುವೆ 90 ಸೆಂಟಿಮೀಟರ್.
ಕೆಳಗೆ 92 ಸೆಂಟಿಮೀಟರ್.

ಇದರಲ್ಲಿ ಸಣ್ಣದು 90. ಅದನ್ನೇ ಹಿಡಿಯಬೇಕು. ಅದರಲ್ಲಿ 1 ಸೆಂಟಿಮೀಟರ್ ಕಳೆಯಿರಿ. ಉಳಿದದ್ದು 89. ಹೊಸ ಚೌಕಟ್ಟಿನ ಅಗಲ ಇಷ್ಟಿರಲಿ. ಎರಡೂ ಬದಿ ಅರ್ಧರ್ಧ ಸೆಂಟಿಮೀಟರ್ ಸಂದು ಉಳಿಯುತ್ತೆ. ಸಂದು ಯಾಕೆ? ಬಿಸಿಲಿಗೆ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಎಲ್ಲ ಹಿಗ್ಗುತ್ತೆ. ಜಾಗ ಇಲ್ಲದಿದ್ದರೆ ಚೌಕಟ್ಟು ಬಾಗುತ್ತೆ, ಕದ ಸಿಕ್ಕಿಹಾಕಿಕೊಳ್ಳುತ್ತೆ. ಎತ್ತರವನ್ನೂ ಹೀಗೆಯೇ ಮೂರು ಕಡೆ ಅಳೆಯಿರಿ.

ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಎರಡೂ ಅಳತೆ ಸಮ ಬಂದರೆ ಮೂಲೆಗಳು ನೇರ ಇವೆ. ಬರದಿದ್ದರೆ ಗೋಡೆ ಸೊಟ್ಟ ಇದೆ. ಅದನ್ನು ಕೆಲಸದವರಿಗೆ ಮೊದಲೇ ಹೇಳಿ.

ಕೆಲಸದ ದಿನ

ಬೆಳಿಗ್ಗೆ ಬೇಗ ಕೆಲಸ ಶುರುವಾಗಲಿ. ಸುಡು ಬಿಸಿಲಲ್ಲಿ ಕೆಲಸದವರಿಗೂ ಕಷ್ಟ, ಕೆಲಸವೂ ಕೆಡುತ್ತೆ. ಅವರಿಗೆ ನೀರು, ನೆರಳು ಕೊಡಿ. ಮಕ್ಕಳನ್ನು ದೂರ ಇಡಿ.

ಮೊದಲು ಕದ ಬಿಚ್ಚಬೇಕು. ಆಮೇಲೆ ಚೌಕಟ್ಟು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದರ ಪುಡಿ ಮಕ್ಕಳ ಮಿದುಳಿಗೆ ಕೆಟ್ಟದ್ದು. ಒಣಗಿದ ಬಣ್ಣ ಹಾಗೇ ಕೆರೆಯಬಾರದು. ನೀರು ಹಚ್ಚಿ ಕೆರೆಯಬೇಕು. ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಕಿಟಕಿಯ ಮೇಲೆ ಅಡ್ಡ ಕಲ್ಲು ಅಥವಾ ಸಿಮೆಂಟಿನ ತೊಲೆ ಇರುತ್ತೆ. ಮೇಲಿನ ಗೋಡೆಯ ಭಾರ ಹೊರುವುದು ಅದು. ಅದಕ್ಕೆ ಕೈ ಹಚ್ಚಬಾರದು. ಕೆಲವು ಹಳೆಯ ಮನೆಗಳಲ್ಲಿ ಅದು ಇರೋದೇ ಇಲ್ಲ. ಭಾರವೆಲ್ಲ ಮರದ ಚೌಕಟ್ಟಿನ ಮೇಲೇ ಇರುತ್ತೆ. ಅಲ್ಲಿ ಚೌಕಟ್ಟು ಕಿತ್ತರೆ ಗೋಡೆ ಕುಸಿಯಬಹುದು. ಮೊದಲು ಆನಿಕೆ ಕೊಟ್ಟು ಆಮೇಲೆ ಕೀಳಬೇಕು. “ಮ್ಯಾಲಿನ ಭಾರಕ್ಕ ಏನ್ ಮಾಡ್ತೀರಿ?” ಅಂತ ಗೌಂಡಿಯವರನ್ನು ಕೇಳಿ. ಕೇಳಲು ನಾಚಿಕೆ ಬೇಡ.

ಹೊಸ ಚೌಕಟ್ಟು ಇಟ್ಟ ಮೇಲೆ ತೂಗುಗುಂಡು ಬಿಟ್ಟು ನೆಟ್ಟಗಿದೆಯೇ ನೋಡುತ್ತಾರೆ. ರಸಮಟ್ಟ ಇಟ್ಟು ಸಮ ಇದೆಯೇ ನೋಡುತ್ತಾರೆ. ಇದಾದ ಮೇಲೇ ಬಿಗಿಯಬೇಕು. ಕಿಟಕಿಯ ಕೆಳಗಿನ ಕಟ್ಟೆ ಹೊರಗಡೆಗೆ ಇಳಿಜಾರು ಇರಲಿ. ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ಒಳಗೆ ಬರುತ್ತೆ.

ಸಂದು ತುಂಬುವ ಮೊದಲು ಧೂಳು ಒರೆಸಬೇಕು. ಧೂಳಿನ ಮೇಲೆ ಯಾವ ಅಂಟೂ ಹಿಡಿಯದು. ಸಿಮೆಂಟು ಹಚ್ಚಿದರೆ ಒಂದು ವಾರ ಬೆಳಿಗ್ಗೆ, ಸಂಜೆ ನೀರು ಹಾಕಿ. ಬಿಸಿಲಿಗೆ ಬೇಗ ಒಣಗಿದ ಸಿಮೆಂಟು ಬಿರುಕು ಬಿಡುತ್ತೆ.

ಊದುಬತ್ತಿಯ ಪರೀಕ್ಷೆ

ಕದ ಮುಚ್ಚಿ. ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿಯಿರಿ. ಗಾಳಿ ಬೀಸುವಾಗ ಹಿಡಿದರೆ ಒಳ್ಳೆಯದು. ಹೊಗೆ ನೆಟ್ಟಗೆ ಮೇಲೇರಿದರೆ ಸರಿ. ಒಂದು ಕಡೆ ಹೊಗೆ ಅಲುಗಿದರೆ ಅಲ್ಲಿ ಸಂದು ಇದೆ. ಅಲ್ಲಿಂದಲೇ ಬಿಸಿ ಗಾಳಿ, ಧೂಳು ಬರೋದು. ಹೊರಗಿನಿಂದ ಒಂದು ಕೊಡ ನೀರು ಸುರಿದೂ ನೋಡಿ. ಕದ ಹತ್ತು ಸಲ ತೆಗೆದು ಮುಚ್ಚಿ. ಚಿಲಕ ಹಾಕಿ ನೋಡಿ.

ಬಾಯಿ ಮಾತು ಸಾಲದು

ಕೆಲಸ ಒಪ್ಪಿಸುವಾಗ ಕಾಗದದ ಮೇಲೆ ಬರೆಸಿಕೊಳ್ಳಿ. ಅಳತೆ ಎಷ್ಟು? ಮಾಲು ಯಾವುದು? ಗಾಜು ಎಷ್ಟು ದಪ್ಪ? ಕೂಲಿ ಎಷ್ಟು? ಒಡೆದ ಗೋಡೆ ಯಾರು ಸರಿಮಾಡಬೇಕು? ಎಂದು ಮುಗಿಯುತ್ತೆ? ಎಲ್ಲ ಹಣ ಮೊದಲೇ ಕೊಡಬೇಡಿ. ಒಂದು ಪಾಲು ಉಳಿಸಿಕೊಳ್ಳಿ. ಪರೀಕ್ಷೆ ಮಾಡಿ ಸರಿ ಬಂದ ಮೇಲೆ ಕೊಡಿ. ರಸೀದಿ ಪಡೆಯಿರಿ.

ಮೊದಲೆಲ್ಲ ಇಂಥ ಕಾಗದಕ್ಕೆ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಒಳಗೆ ಏನಿದೆ ಅಂತ ತಿಳಿಯುತ್ತಿರಲಿಲ್ಲ. ಈಗ ಓದಿ ಸಹಿ ಹಾಕೋಣ. 89 ಎಂದು ಬರೆಸಿದ ಕಡೆ 98 ಇದ್ದರೆ ನಮ್ಮ ಕಣ್ಣಿಗೆ ಬೀಳುತ್ತೆ. ನಮ್ಮ ದುಡ್ಡು ಉಳಿಯುತ್ತೆ.

ಇನ್ನೊಂದು ಮಾತು. ಮೇಲೆ ತಗಡು ಇದ್ದರೆ ಕಿಟಕಿ ಒಂದರಿಂದಲೇ ಮನೆ ತಂಪಾಗದು. ಮಾಳಿಗೆಗೆ ಬಿಳಿ ಸುಣ್ಣ, ತಗಡಿಗೆ ಬಿಳಿ ಬಣ್ಣ ಬಳಿಯಿರಿ. ಮೇಲೆ ನೆರಳು ಮಾಡಿ. ಬಿಸಿಲಿಗೆ ಯಾರಾದರೂ ತಲೆಸುತ್ತಿ ಬಿದ್ದರೆ, ಮೈ ಸುಡುತ್ತಿದ್ದರೆ, ಮಾತು ತೊದಲಿದರೆ, ನೆರಳಿಗೆ ತನ್ನಿ. ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಯೋಚಿಸಿ, ಮಾತಾಡಿ

1. ನಿಮ್ಮ ಮನೆಯ ಕಿಟಕಿ ಯಾವ ದಿಕ್ಕಿಗೆ ಇದೆ? ಬಿಸಿಲು ಯಾವಾಗ ಬರುತ್ತೆ?
2. ನಿಮ್ಮ ಅಡಿಗೆಮನೆಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತೆ?
3. ಒಂದು ಕಿಟಕಿಯ ಎತ್ತರ ಮೂರು ಕಡೆ 121, 120, 122 ಸೆಂಟಿಮೀಟರ್ ಇದೆ. ಹೊಸ ಚೌಕಟ್ಟಿನ ಎತ್ತರ ಎಷ್ಟಿರಬೇಕು? ಲೆಕ್ಕ ಮಾಡಿ ಬರೆಯಿರಿ.
4. ಮನೆ ಕಟ್ಟುವಾಗ ಕಿಟಕಿ ಎಲ್ಲಿರಬೇಕು ಅಂತ ನಿಮ್ಮನ್ನು ಯಾರಾದರೂ ಕೇಳಿದ್ದರೇ? ಕೇಳಿದ್ದರೆ ನೀವು ಏನು ಹೇಳುತ್ತಿದ್ದಿರಿ?