ಮಾತು, ಬರಹ ಮತ್ತು ಶಾಲೆ: ಪಶ್ಚಿಮ ಬೆಂಗಳೂರಿನಲ್ಲಿ ಸ್ವಲೀನತೆಯುಳ್ಳ ಮಗುವಿನ ಶಾಲಾ ನೆರವು

ಜಾನಪದ ಅಧ್ಯಯನವು ಹಾಡು, ಕತೆ, ಒಗಟು, ಆಚರಣೆಗಳ ಸಂಗ್ರಹಕ್ಕೆ ಸೀಮಿತವಾದುದಲ್ಲ. ಒಂದು ಸಮುದಾಯವು ತನಗೆ ಒದಗಿದ ಸಂಕಟವನ್ನು ಯಾವ ಹೆಸರಿನಿಂದ ಕರೆಯುತ್ತದೆ, ಅದಕ್ಕೆ ಯಾವ ಕಾರಣವನ್ನು ಕೊಡುತ್ತದೆ, ಪರಿಹಾರಕ್ಕಾಗಿ ಯಾರ ಬಳಿಗೆ ಹೋಗುತ್ತದೆ ಎಂಬುದೂ ಅದರ ವ್ಯಾಪ್ತಿಗೆ ಸೇರುತ್ತದೆ. ಆಟಿಸಂ ಅಥವಾ ಸ್ವಲೀನತೆ ಇದೆಯೆಂದು ಹೊಸದಾಗಿ ಗುರುತಿಸಲ್ಪಟ್ಟ ಮಗುವಿಗೆ ಶಾಲೆಯ ನೆರವನ್ನು ದೊರಕಿಸಿಕೊಳ್ಳುವ ಕ್ರಮವನ್ನು ಈ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬಸವೇಶ್ವರನಗರದಲ್ಲಿರುವ ನನ್ನ ತಂಗಿಯ ಮಗನೇ ಈ ವಿಷಯದತ್ತ ನನ್ನನ್ನು ಸೆಳೆದವನಾದ್ದರಿಂದ, ಇಲ್ಲಿ ಸಂಶೋಧಕನ ದೂರವನ್ನು ಪೂರ್ಣವಾಗಿ ಕಾಯ್ದುಕೊಳ್ಳಲು ಸಾಧ್ಯವಾಗಿಲ್ಲ ಎಂಬುದನ್ನು ಮೊದಲೇ ಹೇಳಬೇಕು.

೧. ಹೆಸರಿಲ್ಲದ ಕಾಲ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಅನೇಕ ಕುಟುಂಬಗಳಿಗೆ ಮಾಗಡಿ, ಕುಣಿಗಲ್, ಮಂಡ್ಯದ ಕಡೆಯ ಹಳ್ಳಿಗಳ ನಂಟು ಇನ್ನೂ ಕಡಿದಿಲ್ಲ. ಮಗುವಿಗೆ ಮಾತು ತಡವಾದಾಗ ಮೊದಲು ಕೆಲಸಕ್ಕೆ ಬರುವುದು ಆ ನಂಟಿನ ತಿಳಿವಳಿಕೆಯೇ. ಬಜೆಯನ್ನು ತೇದು ನಾಲಿಗೆಗೆ ಹಚ್ಚುವುದು, ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು, ದೇವರಿಗೆ ಹರಕೆ ಹೊರುವುದು ಸಾಮಾನ್ಯ. ಬೆಳ್ತಂಗಡಿ ತಾಲ್ಲೂಕಿನ ಸೂರ್ಯ ಸದಾಶಿವರುದ್ರ ದೇವಾಲಯದಲ್ಲಿ ಮಣ್ಣಿನ ಆಕೃತಿಗಳನ್ನು ಒಪ್ಪಿಸುವ ಹರಕೆಯೂ ಇದೇ ಮನೋಧರ್ಮದ ಇನ್ನೊಂದು ರೂಪ. ನನ್ನ ತಂಗಿಯ ಅತ್ತೆಯವರು, “ಅವರಪ್ಪನೂ ಹಿಂಗೇ ಕಣಮ್ಮ, ಐದು ತುಂಬಿದ ಮೇಲೇ ಮಾತು ಬಂದಿದ್ದು” ಎಂದು ಸೊಸೆಗೆ ಧೈರ್ಯ ಹೇಳುತ್ತಿದ್ದರು.

ಇವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಹರಕೆ ಹೊತ್ತ ಮನೆಯು ಮಗುವನ್ನು ತನ್ನದೆಂದು ಒಪ್ಪಿಕೊಂಡ ಮನೆಯಾಗಿರುತ್ತದೆ ಎಂಬುದನ್ನು ಗಮನಿಸಬೇಕು. ತೊಡಕಿರುವುದು ನಂಬಿಕೆಯಲ್ಲಿ ಅಲ್ಲ, ಅದು ಕೇಳುವ ಕಾಲಾವಧಿಯಲ್ಲಿ. ‘ಇನ್ನೊಂದು ವರ್ಷ ನೋಡೋಣ’ ಎಂಬ ಮಾತು ಎರಡು ಮೂರು ಬಾರಿ ಪುನರಾವರ್ತನೆಯಾಗುವುದರೊಳಗೆ ಶಾಲೆಯ ವಯಸ್ಸು ಬಂದಿರುತ್ತದೆ. ಅಲ್ಲಿ ಮಗುವಿಗೆ ಬೇರೆ ಹೆಸರುಗಳು ಕಾದಿರುತ್ತವೆ: ಹಠಮಾರಿ, ಮಂಕ, ಮೊಂಡ.

ವೈದ್ಯಲೋಕದಲ್ಲಿ ಈ ಸ್ಥಿತಿಯನ್ನು ಲಿಯೋ ಕ್ಯಾನರ್ ೧೯೪೩ರಲ್ಲಿ ವಿವರಿಸಿದನು. ಆದರೂ ನಮ್ಮ ಕಾನೂನಿನಲ್ಲಿ ಆ ಹೆಸರು ಕಾಣಿಸಿಕೊಳ್ಳಲು ಬಹುಕಾಲ ಹಿಡಿಯಿತು. ಅಂಗವಿಕಲರಿಗೆ ಸಂಬಂಧಿಸಿದ ೧೯೯೫ರ ಅಧಿನಿಯಮವು ಪಟ್ಟಿ ಮಾಡಿದ ಏಳು ವಿಕಲತೆಗಳಲ್ಲಿ ಸ್ವಲೀನತೆ ಇರಲಿಲ್ಲ. ಅದೇ ೧೯೯೫ರಲ್ಲಿ ಸ್ವಲೀನತೆಯ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ‘ಆಶಾ’ ಎಂಬ ಸಂಸ್ಥೆ ಆರಂಭವಾಯಿತು. ಕಾನೂನಿಗೆ ಹೆಸರೇ ಗೊತ್ತಿಲ್ಲದಾಗ ನಗರದಲ್ಲಿ ಆ ಹೆಸರಿನ ಶಾಲೆಯೊಂದು ಬಂದುದು ಗಮನಾರ್ಹ ಸಂಗತಿ. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಸ್ವಲೀನತೆಯನ್ನು ಹೆಸರಿಸಿತು. ೨೦೧೭ರ ಏಪ್ರಿಲ್ ೧೯ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, ೨೦೧೬ ಅದನ್ನು ೨೧ ವಿಕಲತೆಗಳಲ್ಲಿ ಒಂದಾಗಿ ಸೇರಿಸಿತು.

೨. ವರದಿ ಮತ್ತು ಪ್ರಮಾಣಪತ್ರ

ಪೋಷಕರಲ್ಲಿ ಸಾಮಾನ್ಯವಾಗಿ ಉಂಟಾಗುವ ಗೊಂದಲವೆಂದರೆ ವೈದ್ಯರ ವರದಿಯನ್ನೂ ವಿಕಲತೆಯ ಪ್ರಮಾಣಪತ್ರವನ್ನೂ ಒಂದೇ ಎಂದು ತಿಳಿಯುವುದು. ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ದೊರೆಯುವ ರೋಗನಿರ್ಣಯದ ವರದಿಯು ಮಗುವಿನ ಸ್ಥಿತಿಯನ್ನು ಹೇಳುತ್ತದೆ. ಪ್ರಮಾಣಪತ್ರವನ್ನು ಸರ್ಕಾರವು ಅಧಿಕೃತಗೊಳಿಸಿದ ವೈದ್ಯಕೀಯ ಪ್ರಾಧಿಕಾರವೇ ಕೊಡಬೇಕು. ಇದಕ್ಕೂ ವಿಶಿಷ್ಟ ಗುರುತಿನ ಚೀಟಿಗೂ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು.

ಸ್ವಲೀನತೆಯನ್ನು ಅಳೆಯಲು ನಮ್ಮ ದೇಶದಲ್ಲಿಯೇ ರೂಪಿಸಿದ ‘ಇಸಾ’ ಎಂಬ ಮಾಪಕದಲ್ಲಿ ೪೦ ಅಂಶಗಳಿವೆ. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಒಟ್ಟು ೭೦ಕ್ಕಿಂತ ಕಡಿಮೆಯಾದರೆ ಸ್ವಲೀನತೆ ಇಲ್ಲವೆಂದು ಪರಿಗಣಿಸಲಾಗುತ್ತದೆ. ಮಗುವನ್ನು ನೋಡುವುದರ ಜೊತೆಗೆ ತಾಯಿತಂದೆಯರನ್ನು ಸಂದರ್ಶಿಸಿಯೇ ಈ ಅಂಕಗಳನ್ನು ಕೊಡುತ್ತಾರೆ. ಅಂದರೆ ಪ್ರಮಾಣಪತ್ರದ ಹಿಂದೆಯೂ ಒಬ್ಬ ನಿರೂಪಕಿಯ ಮೌಖಿಕ ನಿರೂಪಣೆ ಇದೆ.

ಶೇಕಡಾ ೪೦ ಅಥವಾ ಅದಕ್ಕೂ ಹೆಚ್ಚಿನ ವಿಕಲತೆಯುಳ್ಳ ೬ರಿಂದ ೧೮ ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ಇಷ್ಟಪಟ್ಟ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ೩೧ನೆಯ ಪ್ರಕರಣವು ಕೊಡುತ್ತದೆ. ಆದರೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಬೇಕು ಎಂಬ ೧೬ನೆಯ ಪ್ರಕರಣದ ಆಶಯಕ್ಕೆ ಈ ಶೇಕಡಾವಾರು ಮಿತಿ ಇಲ್ಲ. ಆ ಪ್ರಕರಣವು ಸರ್ಕಾರದ ಅನುದಾನ ಪಡೆದ ಸಂಸ್ಥೆಗಳನ್ನಷ್ಟೇ ಅಲ್ಲದೆ ಮಾನ್ಯತೆ ಪಡೆದ ಸಂಸ್ಥೆಗಳನ್ನೂ ಒಳಗೊಂಡಿದೆ. ಆದುದರಿಂದ ಪ್ರಮಾಣಪತ್ರ ಕೈಸೇರುವ ತನಕ ಶಾಲೆಯೊಡನೆ ಮಾತನ್ನೇ ಆರಂಭಿಸದಿರುವುದು ಸರಿಯಲ್ಲ.

೩. ದಿನಚರಿ ಎಂಬ ಕ್ಷೇತ್ರ ಟಿಪ್ಪಣಿ

ನನ್ನ ತಂಗಿ ಮೊದಲು ಹೋದ ಶಾಲೆಯಲ್ಲಿ, “ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆಯಲ್ಲಮ್ಮ” ಎಂಬ ಉತ್ತರ ದೊರೆಯಿತು. ಆಕೆ ಅಲ್ಲಿ ಅರ್ಧ ಗಂಟೆ ಮಾತನಾಡಿದ್ದಳು. ಆ ಮಾತಿನಲ್ಲಿ ಒಂದಕ್ಷರವೂ ಬರಹಕ್ಕೆ ಇಳಿದಿರಲಿಲ್ಲ, ಆ ಉತ್ತರವೂ ಇಳಿಯಲಿಲ್ಲ. ಮೌಖಿಕವಾದುದು ಕಚೇರಿಯಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಈ ದಾರಿಗೆ ಬಂದ ತಾಯಿಗೆ ನಾನು ಹೇಳಬಹುದಾದುದು ನಮ್ಮ ಶಿಸ್ತಿನ ಅತಿ ಸರಳ ಪಾಠವನ್ನೇ: ಕಂಡದ್ದನ್ನು ಕಂಡ ಹಾಗೆ, ದಿನಾಂಕದೊಡನೆ ಬರೆಯಬೇಕು.

‘ಹಠ ಮಾಡುತ್ತಾನೆ’ ಎಂಬುದು ತೀರ್ಪು. ‘ಗಂಟೆ ಹೊಡೆದಾಗ ಕಿವಿ ಮುಚ್ಚಿ ಮೇಜಿನ ಕೆಳಗೆ ಹೋಗುತ್ತಾನೆ, ಮೊದಲೇ ತಿಳಿಸಿದರೆ ಹೋಗುವುದಿಲ್ಲ’ ಎಂಬುದು ಟಿಪ್ಪಣಿ. ತೀರ್ಪಿನಿಂದ ಶಿಕ್ಷೆ ಹುಟ್ಟುತ್ತದೆ, ಟಿಪ್ಪಣಿಯಿಂದ ಉಪಾಯ ಹುಟ್ಟುತ್ತದೆ. ನಮ್ಮ ಹುಡುಗ ಹುಣಸೆಬೀಜಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದ. ಅವನ ಅಜ್ಜಿ ಅದೇ ಬೀಜಗಳನ್ನು ಅಳಗುಳಿಮಣೆಗೆ ಹಾಕಿ, ‘ನಿಂದು, ನಂದು’ ಎಂದು ಸರದಿ ಕಲಿಸಿದರು. ಈ ಒಂದು ಸಂಗತಿಯನ್ನು ಬರೆದು ಕೊಟ್ಟದ್ದು ಎರಡನೆಯ ಶಾಲೆಯ ಶಿಕ್ಷಕಿಗೆ ಇಡೀ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿತು.

ಮುಖ್ಯ ಶಿಕ್ಷಕರಿಗೆ ಕೊಡುವ ಮನವಿಯಲ್ಲಿ ಮೂರು ಭಾಗಗಳಿದ್ದರೆ ಸಾಕು: ಮಗುವಿಗೆ ಏನು ಬರುತ್ತದೆ, ಯಾವುದು ಕಷ್ಟ, ಶಾಲೆಯಿಂದ ಯಾವ ನೆರವು ಬೇಕು. ಕೇಳುವ ನೆರವು ನಿರ್ದಿಷ್ಟವಾಗಿರಬೇಕು. ಗದ್ದಲದಿಂದ ದೂರವಾದ ಜಾಗ, ದಿನದ ಕೆಲಸಗಳನ್ನು ತೋರಿಸುವ ಚಿತ್ರಪಟ್ಟಿ, ಒಂದು ಬಾರಿಗೆ ಒಂದೇ ಸೂಚನೆ, ದಣಿದಾಗ ಸ್ವಲ್ಪ ಹೊತ್ತು ಹೊರಗಿರುವ ಅವಕಾಶ, ಇವು ಹೆಚ್ಚು ವೆಚ್ಚವಿಲ್ಲದ ಹೊಂದಾಣಿಕೆಗಳು. ಇವನ್ನು ಶಿಕ್ಷಕರೊಡನೆ ಕುಳಿತು ವೈಯಕ್ತಿಕ ಶಿಕ್ಷಣ ಯೋಜನೆಯಾಗಿ ಬರೆದುಕೊಂಡು, ಕೆಲವು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಮನವಿಯ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರುಗಳನ್ನು ಮರೆಯದೆ ಪಡೆಯಬೇಕು. ಮುಂದೆ ಪರೀಕ್ಷೆಗಳ ಕಾಲಕ್ಕೆ ಹೆಚ್ಚುವರಿ ಸಮಯ, ಬರೆಯುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಇವುಗಳಿಗೂ ೧೭ನೆಯ ಪ್ರಕರಣದಲ್ಲಿ ಆಧಾರವಿದೆ.

೪. ಬಾಗಿಲು ತೆರೆಯದಿದ್ದಾಗ

ಪ್ರವೇಶಕ್ಕಾಗಿ ಮಗುವನ್ನು ಅಥವಾ ಪೋಷಕರನ್ನು ಪರೀಕ್ಷೆಗೆ ಒಳಪಡಿಸುವುದನ್ನು ೨೦೦೯ರ ಶಿಕ್ಷಣ ಹಕ್ಕು ಅಧಿನಿಯಮದ ೧೩ನೆಯ ಪ್ರಕರಣವು ನಿಷೇಧಿಸುತ್ತದೆ. ಮೊದಲ ಉಲ್ಲಂಘನೆಗೆ ೨೫,೦೦೦ ರೂಪಾಯಿವರೆಗೆ ದಂಡವಿದೆ. ೨೦೧೨ರ ತಿದ್ದುಪಡಿಯು ವಿಕಲತೆಯುಳ್ಳ ಮಕ್ಕಳನ್ನು ಅವಕಾಶವಂಚಿತ ಗುಂಪಿಗೆ ಸೇರಿಸಿತು. ಆದರೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಖಾಸಗಿ ಶಾಲೆಯ ಶೇಕಡಾ ೨೫ರ ಸ್ಥಾನಗಳು ಲಭ್ಯವಾಗದಂತೆ ಕರ್ನಾಟಕವು ೨೦೧೯-೨೦ರ ಸಾಲಿನಿಂದ ನಿಯಮವನ್ನು ಬದಲಿಸಿತು. ಹಳೆಯ ಬಡಾವಣೆಗಳಾದ ರಾಜಾಜಿನಗರ, ವಿಜಯನಗರಗಳಲ್ಲಿ ಇಂತಹ ಶಾಲೆಗಳು ಇರುವುದರಿಂದ, ಈ ದಾರಿಯನ್ನೇ ನೆಚ್ಚಿ ಕೂರುವುದು ಸೂಕ್ತವಲ್ಲ.

ಶಾಲೆ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರು ಸಲ್ಲಿಸಬಹುದು. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ನೆರವನ್ನೂ ಅದೇ ಕಚೇರಿಯ ಮೂಲಕ ಕೋರಬಹುದು. ಅಲ್ಲಿಯೂ ಫಲ ದೊರೆಯದಿದ್ದರೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ. ವಿಶೇಷ ಶಿಕ್ಷಕರ ಕೊರತೆಯೂ ಈಗ ಸಬೂಬಾಗಿ ಉಳಿಯಬಾರದು. ಮಕ್ಕಳ ಮತ್ತು ವಿಶೇಷ ಶಿಕ್ಷಕರ ಅನುಪಾತವನ್ನು ನಿಗದಿಪಡಿಸುವಂತೆ ಸರ್ವೋಚ್ಚ ನ್ಯಾಯಾಲಯವು ೨೦೨೧ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸೂಚಿಸಿತು. ೨೦೨೫ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ನೇಮಕಾತಿ ಆರಂಭಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು.

೫. ಸಮಾರೋಪ

ಹೆಸರು ಬಿದ್ದರೆ ಬಾಗಿಲು ಮುಚ್ಚುತ್ತದೆ ಎಂಬ ಭಯದಿಂದ ವರದಿಯನ್ನು ಬೀರುವಿನಲ್ಲಿ ಬಚ್ಚಿಡುವ ಮನೆಗಳಿವೆ. ಆ ಭಯಕ್ಕೆ ಕಾರಣವಿಲ್ಲವೆಂದು ಹೇಳಲಾಗದು. ನನ್ನ ತಂಗಿಯ ಮೊದಲ ಅನುಭವವೇ ಅದಕ್ಕೆ ಸಾಕ್ಷಿ. ಆದರೂ ಹೆಸರು ಮುಚ್ಚಿಟ್ಟ ಮಗುವು ಶಾಲೆಯಲ್ಲಿ ಹೆಸರಿಲ್ಲದೆ ಉಳಿಯುವುದಿಲ್ಲ. ಯಾರೋ ಒಬ್ಬರು ತಮಗೆ ತೋಚಿದ ಹೆಸರನ್ನು ಇಟ್ಟೇ ಇಡುತ್ತಾರೆ, ಆ ಹೆಸರಿಗೆ ಯಾವ ಹಕ್ಕೂ ಇರುವುದಿಲ್ಲ.

ಜನಪದದ ತಾಳ್ಮೆ ಮತ್ತು ಕಾನೂನಿನ ಬರಹ ಇವೆರಡೂ ಪರಸ್ಪರ ವಿರೋಧಿಗಳಲ್ಲ. ಮಗುವನ್ನು ಹತ್ತಿರದಿಂದ ಬಲ್ಲವರು ಅಜ್ಜಿ, ತಾಯಂದಿರು. ಅವರ ತಿಳಿವಳಿಕೆ ಬಾಯಿಮಾತಿನಲ್ಲಿದೆ. ಶಾಲೆಯು ಓದುವುದು ಬರಹವನ್ನು. ಇವೆರಡರ ನಡುವಿನ ಅಂತರವನ್ನು ಒಂದು ನೂರು ಪುಟದ ನೋಟುಪುಸ್ತಕ ಬಹುಮಟ್ಟಿಗೆ ತುಂಬಬಲ್ಲದು. ತಂಗಿಯ ಮಗ ಈಗ ಎರಡನೆಯ ತರಗತಿಯಲ್ಲಿದ್ದಾನೆ. ಮಾತು ಇನ್ನೂ ಕಡಿಮೆ. ಗಂಟೆ ಹೊಡೆಯುವ ಮುನ್ನ ಶಿಕ್ಷಕಿ ಅವನಿಗೆ ಬೆರಳು ತೋರಿಸಿ ಸೂಚನೆ ಕೊಡುತ್ತಾರೆ. ಅವನೇ ಕಿವಿ ಮುಚ್ಚಿಕೊಂಡು, ಕುಳಿತ ಜಾಗದಲ್ಲಿಯೇ ಕಾಯುತ್ತಾನೆ.