ಸ್ಪಿನ್ನರ್‌ಗೆ ಎರಡನೇ ಓವರ್ ಕೊಟ್ಟು ನೋಡಿ

ಭಾನುವಾರ ಬೆಳಿಗ್ಗೆ ಟೆನಿಸ್ ಬಾಲ್ ಕ್ರಿಕೆಟ್ ನಡೆಯುವ ಯಾವುದೇ ಮೈದಾನಕ್ಕೆ ಹೋಗಿ. ಬೌಲಿಂಗ್ ಮಾಡುವವರೆಲ್ಲ ಬೌಂಡರಿ ಗೆರೆಯ ಹತ್ತಿರದಿಂದಲೇ ಓಡಿ ಬರುತ್ತಿರುತ್ತಾರೆ. ಅವರ ನಡುವೆ ನಾಲ್ಕು ಹೆಜ್ಜೆ ನಡೆದು ಬಂದು ಚೆಂಡನ್ನು ಗಾಳಿಯಲ್ಲಿ ತೇಲಿಬಿಡುವ ಹುಡುಗನೊಬ್ಬ ಇದ್ದರೆ, ಅವನ ಕೈಗೆ ಚೆಂಡು ಹೋದ ಕೂಡಲೇ ಬ್ಯಾಟಿಂಗ್ ತಂಡದವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅದು ಗೌರವದ ಚಪ್ಪಾಳೆಯಲ್ಲ. ಸಿಕ್ಸರ್ ಬರುತ್ತದೆ ಎಂಬ ಖುಷಿ ಅಷ್ಟೇ!

ನಮ್ಮ ದಾವಣಗೆರೆಯಲ್ಲಂತೂ ಸ್ಪಿನ್ನರ್ ಪಾಡು ಇನ್ನೂ ಕಷ್ಟ. ಇದು ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ಅವರ ಊರು. ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ಸತತ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಮೀಡಿಯಂ ಪೇಸರ್ ಆಗಿರುವಾಗ, ಇಲ್ಲಿನ ಹುಡುಗರು ನಿಧಾನವಾಗಿ ಚೆಂಡು ಹಾಕುವುದಕ್ಕೆ ಒಪ್ಪುತ್ತಾರೆಯೇ? ಗಲ್ಲಿ ತಂಡಗಳಲ್ಲಿ ಸ್ಪಿನ್ನರ್ ಎಂದರೆ ವೇಗವಾಗಿ ಹಾಕಲು ಬಾರದವನು ಎಂದೇ ಅರ್ಥ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್‌ನಲ್ಲಿ ಓದುತ್ತಿರುವ ನಾನು ಎರಡು ವರ್ಷದಿಂದ ಆಫ್ ಸ್ಪಿನ್ ಕಲಿಯುತ್ತಿದ್ದೇನೆ. ಈ ಎರಡು ವರ್ಷದಲ್ಲಿ ಹೆಚ್ಚು ಕೇಳಿದ ಮಾತು ಒಂದೇ: ‘ಲೇ, ಸ್ವಲ್ಪ ಜೋರಾಗಿ ಹಾಕಲೇ!’

ಎಂಜಿನಿಯರ್‌ಗಳ ಕಲೆ

ಮನೆಯಲ್ಲಿ ‘ಓದೋದು ಬಿಟ್ಟು ಮೈದಾನದಲ್ಲಿ ಏನು ಕೆಲಸ’ ಎಂದು ಬೈಸಿಕೊಳ್ಳುವವರಿಗೆ ಒಂದು ಒಳ್ಳೆಯ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಆಫ್ ಸ್ಪಿನ್ನರ್ ಎರಪಳ್ಳಿ ಪ್ರಸನ್ನ 1962ರಲ್ಲಿ ಭಾರತ ತಂಡಕ್ಕೆ ಬಂದವರು. ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದ ಮೇಲೆ ಟೆಸ್ಟ್ ಕ್ರಿಕೆಟ್‌ನಿಂದ ಸುಮಾರು ಐದು ವರ್ಷ ದೂರ ಉಳಿದರು. ಆ ಅವಧಿಯಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿದರು. 1967ರಲ್ಲಿ ಮರಳಿ ಬಂದು, ಬರೀ 20 ಟೆಸ್ಟ್‌ಗಳಲ್ಲಿ 100 ವಿಕೆಟ್ ಪೂರೈಸಿದರು.

ಬೆಂಗಳೂರಿನ ಆರ್‌.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದ ಅನಿಲ್ ಕುಂಬ್ಳೆ ಅವರಿಗೆ ನೂರು ವಿಕೆಟ್‌ಗೆ 21 ಟೆಸ್ಟ್ ಬೇಕಾಯಿತು. ಪ್ರಸನ್ನ ಅವರ ದಾಖಲೆಯನ್ನು 2013ರಲ್ಲಿ 18 ಟೆಸ್ಟ್‌ಗಳಲ್ಲೇ ಮುರಿದವರು ಚೆನ್ನೈನ ಆರ್. ಅಶ್ವಿನ್. ಅವರೂ ಬಿ.ಟೆಕ್ ಓದಿದವರೇ! ಹಾಗೆಂದು ಎಂಜಿನಿಯರಿಂಗ್ ಸೀಟು ಸಿಕ್ಕವರಿಗೆಲ್ಲ ಸ್ಪಿನ್ ಬರುತ್ತದೆ ಎಂದಲ್ಲ. ಆದರೆ ಬೌಲಿಂಗ್‌ನಲ್ಲಿ ಯಾಕೆ, ಹೇಗೆ ಎಂದು ಕೇಳಿಕೊಳ್ಳುವ ಅಭ್ಯಾಸ ಇರುವವರಿಗೆ ಸ್ಪಿನ್‌ನಷ್ಟು ರುಚಿಸುವುದು ಬೇರೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಸ್ಪಿನ್ ಎಂದರೆ ಏನು ಎಂಬುದಕ್ಕೆ ನನಗೆ ಬಲು ಇಷ್ಟವಾದ ಕತೆ 1981–82ರ ರಣಜಿ ಸೆಮಿಫೈನಲ್‌ನದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಂ ಭಟ್ ಅವರ ಚೆಂಡು ಎಷ್ಟು ತಿರುಗುತ್ತಿತ್ತೆಂದರೆ, ಬಾಂಬೆ ತಂಡದ ಸುನಿಲ್ ಗಾವಸ್ಕರ್ ಅವರ ಎದುರು ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತುಬಿಟ್ಟರು! ಹೆಲ್ಮೆಟ್ ಇಲ್ಲದೆ ವೆಸ್ಟ್ ಇಂಡೀಸ್ ವೇಗಿಗಳನ್ನು ಎದುರಿಸಿದ ಆಟಗಾರನೇ ನಿಲ್ಲುವ ಕೈ ಬದಲಾಯಿಸುವಂತೆ ಮಾಡಿದ್ದು ಒಂದು ನಿಧಾನದ ಚೆಂಡು.

ಎರಡೇ ಡಿಗ್ರಿ ಸಾಕು

ಹೊಸದಾಗಿ ಕಲಿಯುವವರಿಗೆ ಚೆಂಡು ಒಂದು ಮಾರು ತಿರುಗಬೇಕು ಎಂಬ ಆಸೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಬ್ಯಾಟಿನ ಗರಿಷ್ಠ ಅಗಲ 10.8 ಸೆಂ.ಮೀ. ಅಂದರೆ ನಡುವಿನಿಂದ ಅಂಚಿಗೆ ಐದೂವರೆ ಸೆಂ.ಮೀ.ಗಿಂತ ಕಡಿಮೆ. ಬ್ಯಾಟಿನಿಂದ 2 ಮೀಟರ್ ಮುಂದೆ ಬಿದ್ದ ಚೆಂಡು ಬರೀ 2 ಡಿಗ್ರಿ ತಿರುಗಿದರೂ 7 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಅಂಚಿಗೆ ತಾಗಲು ಅಷ್ಟು ಸಾಕು. 5 ಡಿಗ್ರಿ ತಿರುಗಿದರೆ 17 ಸೆಂ.ಮೀ. ಸರಿದು, ಬ್ಯಾಟಿಗೆ ಸಿಗದೆ ಕೀಪರ್ ಕೈ ಸೇರುತ್ತದೆ ಇಲ್ಲವೇ ಪ್ಯಾಡಿಗೆ ಬಡಿಯುತ್ತದೆ.

ಇನ್ನು ಸಮಯದ ಲೆಕ್ಕ. ಗಂಟೆಗೆ 72 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 20 ಮೀಟರ್. ಕೊನೆಯ 2 ಮೀಟರ್ ದಾಟಲು ಚೆಂಡಿಗೆ ಬೇಕಾಗುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ತಿರುಗಿದ್ದನ್ನು ನೋಡಿ ಬ್ಯಾಟನ್ನು ಸರಿಸಲು ಅಷ್ಟರಲ್ಲಿ ಯಾರಿಗೂ ಆಗುವುದಿಲ್ಲ. ಅದೇ ಚೆಂಡು 5 ಮೀಟರ್ ದೂರದಲ್ಲಿ ಬಿದ್ದರೆ ಬ್ಯಾಟ್ಸ್‌ಮನ್‌ಗೆ ಕಾಲು ಸೆಕೆಂಡ್ ಸಿಗುತ್ತದೆ. ಹಿಂದಕ್ಕೆ ಸರಿದು, ಮಿಡ್ ವಿಕೆಟ್ ಮೇಲೆ ಎತ್ತಲು ಅದು ಧಾರಾಳ. ಹಾಗಾಗಿ ತಿರುವಿಗಿಂತ ಮೊದಲು ಕಲಿಯಬೇಕಾದದ್ದು ಚೆಂಡು ಬೀಳುವ ಜಾಗ.

ಗಾಳಿಯಲ್ಲಿ ಆಗುವುದು ಇನ್ನೂ ಸ್ವಾರಸ್ಯ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಮ್ಯಾಗ್ನಸ್ ಎಫೆಕ್ಟ್ ನೆನಪಿರಬಹುದು. ಮುಂದಕ್ಕೆ ಉರುಳುವಂತೆ ತಿರುಗುತ್ತಾ ಹೋಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಆಗ ಬ್ಯಾಟ್ಸ್‌ಮನ್ ಅಂದಾಜು ಮಾಡಿದ್ದಕ್ಕಿಂತ ಅರ್ಧ ಅಡಿಯೋ ಒಂದಡಿಯೋ ಮೊದಲೇ ಚೆಂಡು ನೆಲಕ್ಕೆ ಬೀಳುತ್ತದೆ. ಮುಂದೆ ನುಗ್ಗಿ ಬಂದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಆದರೆ ಇದು ನಡೆಯಬೇಕಾದರೆ ಚೆಂಡು ಸಾಕಷ್ಟು ಸುತ್ತು ತಿರುಗುತ್ತಾ, ಸ್ವಲ್ಪ ಹೆಚ್ಚು ಹೊತ್ತು ಗಾಳಿಯಲ್ಲಿರಬೇಕು. ಸಿಕ್ಸರ್ ಹೊಡೆಸಿಕೊಂಡ ಯಾವ ಹುಡುಗನಿಗಾದರೂ ಮುಂದಿನ ಚೆಂಡನ್ನು ಚಪ್ಪಟೆಯಾಗಿ, ಜೋರಾಗಿ ತಳ್ಳೋಣ ಅನ್ನಿಸುವುದು ಸಹಜ. ಹಾಗೆ ತಳ್ಳಿದ ಕ್ಷಣದಲ್ಲೇ ಕೈಯಲ್ಲಿದ್ದ ಒಂದೇ ಆಯುಧವೂ ಹೋಯಿತು!

ಕಿತ್ತಳೆ, ಟೇಪು, ಟವೆಲ್

ಕಲಿಯಲು ಅಕಾಡೆಮಿಯೇ ಬೇಕು ಎಂದೇನಿಲ್ಲ. ಆಫ್ ಸ್ಪಿನ್‌ಗೆ ತೋರುಬೆರಳು ಮತ್ತು ಮಧ್ಯದ ಬೆರಳನ್ನು ಹೊಲಿಗೆಗೆ ಅಡ್ಡವಾಗಿ ಅಗಲಿಸಿ ಹಿಡಿಯಬೇಕು. ಮುಖ್ಯ ಕೆಲಸ ತೋರುಬೆರಳಿನದು. ಬಾಗಿಲಿನ ಗುಂಡಿಯನ್ನು ಬಲಕ್ಕೆ ತಿರುಗಿಸಿದ ಹಾಗೆ ಚೆಂಡನ್ನು ತಿರುಗಿಸಬೇಕು. ಬಸ್ಸಿಗೆ ಕಾಯುವಾಗ, ಮಲಗುವ ಮುಂಚೆ, ಕೈಗೆ ಸಿಕ್ಕ ಕಿತ್ತಳೆ ಹಣ್ಣನ್ನೇ ಒಂದು ಕೈಯಿಂದ ಇನ್ನೊಂದಕ್ಕೆ ತಿರುಗಿಸಿ ಹಾಕುತ್ತಾ ಇದ್ದರೆ ಬೆರಳು ತಾನಾಗಿ ಪಳಗುತ್ತದೆ.

ಟೆನಿಸ್ ಚೆಂಡಿಗೆ ಹೊಲಿಗೆಯ ದಾರವಿಲ್ಲ. ಅದಕ್ಕೆ ನಡುವಿನಲ್ಲಿ ಒಂದು ಸುತ್ತು ಬಣ್ಣದ ಇನ್ಸುಲೇಶನ್ ಟೇಪ್ ಅಂಟಿಸಿ. ಸರಿಯಾಗಿ ತಿರುಗಿದರೆ ಪಟ್ಟಿ ಸ್ಥಿರವಾಗಿ ಕಾಣುತ್ತದೆ, ಇಲ್ಲದಿದ್ದರೆ ತೂರಾಡುತ್ತದೆ. ಗೆಳೆಯನ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಸಿ ನೋಡಿದರೆ ಇನ್ನೂ ಸ್ಪಷ್ಟ. ಪಿಚ್ ಮೇಲೆ, ಬ್ಯಾಟ್ಸ್‌ಮನ್ ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಮುಂದೆ ಒಂದು ಟವೆಲ್ ಹಾಸಿ, ದಿನಕ್ಕೆ 60 ಚೆಂಡು ಹಾಕಿ. ಎಷ್ಟು ಟವೆಲ್ ಮೇಲೆ ಬಿದ್ದವು ಎಂದು ಪುಸ್ತಕದಲ್ಲಿ ಬರೆದಿಡಿ. ನನ್ನ ಪುಸ್ತಕದಲ್ಲಿ ಮೊದಲ ದಿನದ ಅಂಕಿ 7. ಈಗ ಒಳ್ಳೆಯ ದಿನ 30 ದಾಟುತ್ತದೆ.

ಟೆನಿಸ್ ಬಾಲ್‌ನಿಂದ ಲೆದರ್ ಬಾಲ್‌ಗೆ ಬಂದಾಗ ಕೈಗೆ ಬೇರೆಯದೇ ಪಾಠ. ಸಾಧಾರಣ ಟೆನಿಸ್ ಚೆಂಡಿನ ತೂಕ 60 ಗ್ರಾಂ ಒಳಗೆ. ಲೆದರ್ ಚೆಂಡು 156ರಿಂದ 163 ಗ್ರಾಂ. ಮೊದಲ ತಿಂಗಳು ತೋರುಬೆರಳಿನ ಚರ್ಮ ಕಿತ್ತು ಬರುತ್ತದೆ. ಆ ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಲ್ಯಾಬ್ ರೆಕಾರ್ಡ್ ಬರೆಯುವುದು ಬೇರೆ ಕತೆ. ಅಲ್ಲಿ ಗಟ್ಟಿಯಾದ ಚರ್ಮ ಮಾತ್ರ ಸ್ಪಿನ್ನರ್‌ಗೆ ಸಿಗುವ ಮೊದಲ ಸರ್ಟಿಫಿಕೇಟ್.

ಆರು ಚೆಂಡಿನ ಪರೀಕ್ಷೆ

ಇಷ್ಟೆಲ್ಲ ಕಲಿತರೂ ನಿಜವಾದ ತೊಡಕು ಇರುವುದು ಬೇರೆ ಕಡೆ. ನಮ್ಮ ಊರುಗಳ ಟೂರ್ನಿಗಳಲ್ಲಿ ಪಂದ್ಯ ಎಂದರೆ 6 ಅಥವಾ 8 ಓವರ್. ಸ್ಪಿನ್ನರ್‌ಗೆ ಸಿಗುವುದು ಹೆಚ್ಚೆಂದರೆ ಒಂದು ಓವರ್. ಸ್ಪಿನ್ ಎಂಬುದು ಒಂದು ಚೆಂಡಿನ ಆಟವಲ್ಲ. ಮೊದಲ ಚೆಂಡು ತೋರಿಸಬೇಕು, ಎರಡನೆಯದು ನಂಬಿಸಬೇಕು, ಮೂರನೆಯದನ್ನು ಅದೇ ಹಾದಿಯಲ್ಲಿ ಒಂಚೂರು ನಿಧಾನವಾಗಿ ಬಿಡಬೇಕು. ಬ್ಯಾಟ್ಸ್‌ಮನ್ ಅದನ್ನೂ ಹೊಡೆದರೆ, ಅವನು ಎಲ್ಲಿಗೆ ಹೊಡೆಯುತ್ತಾನೆ ಎಂಬುದು ಬೌಲರ್‌ಗೆ ಗೊತ್ತಾಯಿತು. ಅಷ್ಟರಲ್ಲಿ ಓವರ್ ಮುಗಿದಿರುತ್ತದೆ! ‘ಹದಿನಾಲ್ಕು ಕೊಟ್ಯಲ್ಲ, ಹೋಗು ಲಾಂಗ್ ಆನ್‌ನಲ್ಲಿ ನಿಲ್ಲು’ ಎಂದು ನಾಯಕ ಕಳಿಸಿಬಿಡುತ್ತಾನೆ. ತಿಳಿದುಕೊಂಡದ್ದನ್ನು ಬಳಸುವ ಓವರ್ ಬರುವುದೇ ಇಲ್ಲ.

ಕೆಲಸ ಹುಡುಕುತ್ತಿರುವವರಿಗೆ ಈ ಮಾತು ಎಲ್ಲೋ ಕೇಳಿದಂತಿರಬಹುದು. ಅನುಭವ ಇದ್ದರೆ ಕೆಲಸ, ಕೆಲಸ ಇದ್ದರೆ ಅನುಭವ. ಓವರ್ ಕೊಟ್ಟರೆ ಕಲಿಯುತ್ತೇನೆ ಎನ್ನುವ ಹುಡುಗ, ಕಲಿತು ಬಂದರೆ ಓವರ್ ಕೊಡುತ್ತೇನೆ ಎನ್ನುವ ನಾಯಕ.

ನಮ್ಮ ಕಾಲೇಜು ತಂಡದಲ್ಲಿ ಇದಕ್ಕೊಂದು ದಾರಿ ಹುಡುಕಿಕೊಂಡೆವು. ಶನಿವಾರದ ಅಭ್ಯಾಸದಲ್ಲಿ ಒಬ್ಬ ಸ್ಪಿನ್ನರ್‌ಗೆ ಒಬ್ಬನೇ ಬ್ಯಾಟ್ಸ್‌ಮನ್, ಬಿಡದೆ ನಾಲ್ಕು ಓವರ್. ಓಟದ ಲೆಕ್ಕ ಇಡುವಂತಿಲ್ಲ. ಎಷ್ಟೇ ಹೊಡೆತ ಬಿದ್ದರೂ ಚೆಂಡನ್ನು ಚಪ್ಪಟೆಯಾಗಿ ತಳ್ಳುವಂತಿಲ್ಲ. ಸೀನಿಯರ್‌ಗಳಿಗೆ ಮೊದಲು ಇದು ಪುಕ್ಕಟೆ ಬ್ಯಾಟಿಂಗ್ ಅನ್ನಿಸಿತ್ತು. ಆರು ವಾರ ಕಳೆಯುವಷ್ಟರಲ್ಲಿ ಅವರೇ ಮೂರನೇ ಓವರ್‌ನಲ್ಲಿ ಮುಂದೆ ನುಗ್ಗುವ ಮುಂಚೆ ಒಮ್ಮೆ ಯೋಚಿಸತೊಡಗಿದರು.

ಕಳೆದ ಸೆಮಿಸ್ಟರ್‌ನ ಅಂತರ ಕಾಲೇಜು ಪಂದ್ಯ ಮ್ಯಾಟ್ ಮೇಲೆ ನಡೆಯಿತು. ನನ್ನ ಮೊದಲ ಓವರ್‌ನಲ್ಲಿ 13 ರನ್. ಅದರಲ್ಲಿ ಒಂದು ಸಿಕ್ಸರ್ ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ನಾಯಕ ಹತ್ತಿರ ಬಂದು ಕೇಳಿದ್ದು ಇಷ್ಟೇ: ‘ಅವನು ಎಲ್ಲಿಗೆ ಹೊಡೀತಾನೆ ಗೊತ್ತಾಯ್ತಾ?’ ಗೊತ್ತಾಗಿದೆ ಎಂದೆ. ಲಾಂಗ್ ಆನ್‌ನವನನ್ನು ಹತ್ತು ಹೆಜ್ಜೆ ಎಡಕ್ಕೆ ಸರಿಸಿ ಚೆಂಡನ್ನು ಮತ್ತೆ ನನ್ನ ಕೈಗೇ ಇಟ್ಟ. ನಾಲ್ಕು ಓವರ್ ಮುಗಿದಾಗ 29 ರನ್, 2 ವಿಕೆಟ್. ಅವುಗಳಲ್ಲಿ ಒಂದು, ಆ ಲಾಂಗ್ ಆನ್ ಹುಡುಗ ಹಿಡಿದ ಕ್ಯಾಚ್. ಪಂದ್ಯ ನಾವು ಸೋತೆವು. ಆದರೂ ಮುಂದಿನ ಪಂದ್ಯದಲ್ಲಿ ಯಾರೂ ‘ಜೋರಾಗಿ ಹಾಕಲೇ’ ಎನ್ನಲಿಲ್ಲ.

ಇದರಿಂದ ನನಗೆ ಕೆಲಸ ಸಿಗುವುದಿಲ್ಲ, ಗೊತ್ತು. ಮುಂದಿನ ವರ್ಷ ಪ್ಲೇಸ್‌ಮೆಂಟ್, ಆಮೇಲೆ ಯಾವ ಊರೋ, ಯಾವ ಶಿಫ್ಟೋ. ಆ ಊರಿನಲ್ಲೂ ಭಾನುವಾರ ಒಂದು ಮೈದಾನ ಇದ್ದೇ ಇರುತ್ತದೆ. ಐದು ವರ್ಷ ದೂರವಿದ್ದು ಬಂದವರೇ ಟೆಸ್ಟ್‌ನಲ್ಲಿ ವಿಕೆಟ್ ಕಿತ್ತಿರುವಾಗ ನಮಗೇನು ಅವಸರ?

ಸ್ಪಿನ್ ಕಲಿಯಬೇಕೆಂದಿರುವ ಗೆಳೆಯರು ಇವತ್ತೇ ಒಂದು ಟವೆಲ್ ಹಾಸಿ ಶುರು ಮಾಡಿ. ತಂಡ ಕಟ್ಟುವ ಗೆಳೆಯರಲ್ಲಿ ಇರುವ ಕೋರಿಕೆ ಒಂದೇ. ನಿಮ್ಮಲ್ಲೂ ನಾಲ್ಕು ಹೆಜ್ಜೆ ನಡೆದು ಬಂದು ಚೆಂಡು ತೇಲಿಬಿಡುವ ಹುಡುಗನೋ ಹುಡುಗಿಯೋ ಇದ್ದಾರಾ? ಮೊದಲ ಓವರ್‌ನಲ್ಲಿ ಎಷ್ಟು ರನ್ ಹೋಯಿತು ಎಂದು ಕೇಳಬೇಡಿ. ಏನು ಗೊತ್ತಾಯಿತು ಎಂದು ಕೇಳಿ. ಉತ್ತರ ಇದ್ದರೆ ಎರಡನೇ ಓವರ್ ಕೊಡಿ.